ರಕ್ತದ ಚೀಟಿ ಓದೋಣ ಬನ್ನಿ

ದವಾಖಾನೆಯಲ್ಲಿ ರಕ್ತ ಕೊಟ್ಟು ಬರುತ್ತೀರಿ. ಸಂಜೆಗೆ ಒಂದು ಚೀಟಿ ಕೈಗೆ ಬರುತ್ತದೆ. ಅದನ್ನು ಏನು ಮಾಡುತ್ತೀರಿ? ಬಹಳ ಮಂದಿ ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿ ಇಡುತ್ತಾರೆ. ಅಂಗಿ ಒಗೆಯುವಾಗ ಚೀಟಿಯೂ ಹೋಗುತ್ತದೆ.

"ಡಾಕ್ಟರು ನೋಡ್ಯಾರಲ್ಲ, ನಮಗ್ಯಾಕ್ರಿ ಅದು?" ಅಂತೀರಿ.

ಡಾಕ್ಟರು ನೋಡಿದ್ದು ಸರಿ. ಆದರೆ ರಕ್ತ ನಿಮ್ಮದು. ಇವತ್ತು ಯರಗಟ್ಟಿಯಲ್ಲಿ ತೋರಿಸುತ್ತೀರಿ. ನಾಳೆ ಸವದತ್ತಿಗೆ ಹೋಗುತ್ತೀರಿ. ದೊಡ್ಡ ಕಾಯಿಲೆ ಅಂದರೆ ಬೆಳಗಾವಿ ಬಸ್ಸು ಹತ್ತುತ್ತೀರಿ. ಮೂರು ಕಡೆ ಮೂರು ಡಾಕ್ಟರು. ಮೂರೂ ಕಡೆ ಹೋಗುವವರು ನೀವೊಬ್ಬರೇ. ಹಿಂದಿನ ಚೀಟಿ ನಿಮ್ಮ ಹತ್ತಿರ ಇದ್ದರೆ ಮಾತ್ರ ಅವರಿಗೆ ಹಿಂದಿನದು ಗೊತ್ತಾಗುತ್ತದೆ.

ಚೀಟಿ ಇಂಗ್ಲಿಷಿನಲ್ಲಿ ಇರುತ್ತದೆ, ನಿಜ. ಆದರೆ ಅದರಲ್ಲಿ ಮುಖ್ಯವಾದದ್ದು ಅಂಕಿ. ಬಸ್ಸಿನ ನಂಬರು ಓದುತ್ತೀರಲ್ಲ? ನೋಟಿನ ಅಂಕಿ ಓದುತ್ತೀರಲ್ಲ? ಇಲ್ಲಿರುವುದೂ ಅದೇ ಅಂಕಿ. ಪರೀಕ್ಷೆಯ ಹೆಸರನ್ನು ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಡಿ ಎಂದು ಲ್ಯಾಬಿನವರನ್ನು ಕೇಳಿ. ನಾಚಿಕೊಳ್ಳಬೇಡಿ. ರೊಕ್ಕ ಕೊಟ್ಟಿದ್ದೀರಿ.

ಇವತ್ತು ಕಿಡ್ನಿ ಪರೀಕ್ಷೆಯ ಚೀಟಿ ಓದೋಣ. ಕಿಡ್ನಿ ಅಂದರೆ ಮೂತ್ರಪಿಂಡ. ಇವು ಎರಡು. ಬೆನ್ನಿನ ಕಡೆ, ಪಕ್ಕೆಲುಬಿನ ಕೆಳಗೆ, ಬೆನ್ನೆಲುಬಿನ ಎರಡೂ ಮಗ್ಗುಲಲ್ಲಿ ಇರುತ್ತವೆ. ಒಂದೊಂದೂ ನಮ್ಮ ಮುಷ್ಟಿಯಷ್ಟು ದೊಡ್ಡದು. ಒಂದು ಕಿಡ್ನಿಯೊಳಗೆ ಸುಮಾರು ಹತ್ತು ಲಕ್ಷ ಸಣ್ಣ ಸಣ್ಣ ಜರಡಿಗಳಿವೆ. ಎರಡೂ ಕೂಡಿ ದಿನಕ್ಕೆ ಸುಮಾರು 180 ಲೀಟರ್ ನೀರು ಸೋಸುತ್ತವೆ. ಅಂದರೆ ಹತ್ತು ಹನ್ನೆರಡು ಕೊಡ! ಅಷ್ಟೂ ಹೊರಗೆ ಹೋಗುವುದಿಲ್ಲ. ಬೇಕಾದದ್ದನ್ನು ಮತ್ತೆ ರಕ್ತಕ್ಕೆ ಬಿಡುತ್ತವೆ. ಬೇಡವಾದ ಕಸ ಒಂದೂವರೆ ಲೀಟರಿನಷ್ಟು ಮೂತ್ರದಲ್ಲಿ ಹೋಗುತ್ತದೆ.

ಕಸ ಸರಿಯಾಗಿ ಹೋಗುತ್ತಿದೆಯೋ ಇಲ್ಲವೋ, ತಿಳಿಯುವುದು ಹೇಗೆ? ರಕ್ತದಲ್ಲಿ ಎಷ್ಟು ಕಸ ಉಳಿದಿದೆ ಎಂದು ಅಳೆಯಬೇಕು. ಅದೇ ಈ ಪರೀಕ್ಷೆ.

ಚೀಟಿಯಲ್ಲಿ ಮೊದಲು ಹುಡುಕಬೇಕಾದ ಹೆಸರು ಕ್ರಿಯಾಟಿನಿನ್. ನಮ್ಮ ಮಾಂಸಖಂಡಗಳು ಕೆಲಸ ಮಾಡುವಾಗ ಹುಟ್ಟುವ ಕಸ ಇದು. ದಿನಾ ಹೆಚ್ಚು ಕಡಿಮೆ ಒಂದೇ ಅಳತೆಯಲ್ಲಿ ಹುಟ್ಟುತ್ತದೆ. ಆದ್ದರಿಂದ ರಕ್ತದಲ್ಲಿ ಇದು ಏರಿದರೆ, ಸೋಸುವ ಕೆಲಸ ತಗ್ಗಿದೆ ಎಂದು ಅನುಮಾನ ಪಡಬೇಕು. 1886ರಲ್ಲಿ ಜರ್ಮನಿಯ ಮ್ಯಾಕ್ಸ್ ಯಾಫೆ ಎಂಬವರು ಒಂದು ರಾಸಾಯನಿಕ ಕಂಡರು. ಅದನ್ನು ಸೇರಿಸಿದರೆ ಕ್ರಿಯಾಟಿನಿನ್ ಕೇಸರಿ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಗಾಢವಾದಷ್ಟೂ ಕಸ ಹೆಚ್ಚು. ಈಗಲೂ ಎಷ್ಟೋ ಲ್ಯಾಬುಗಳಲ್ಲಿ ಇದೇ ರೀತಿ.

ದೊಡ್ಡವರಲ್ಲಿ ಕ್ರಿಯಾಟಿನಿನ್ ಸಾಮಾನ್ಯವಾಗಿ 0.6ರಿಂದ 1.2ರ ಒಳಗೆ ಇರುತ್ತದೆ. ಗಂಡಸರಿಗೆ ತುಸು ಹೆಚ್ಚು, ಹೆಂಗಸರಿಗೆ ತುಸು ಕಡಿಮೆ. ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ಬೇರೆ ಇರಬಹುದು. ಅದಕ್ಕೇ ಚೀಟಿಯ ಬಲಗಡೆ ಆ ಲ್ಯಾಬಿನ ಅಳತೆ ಅಚ್ಚಾಗಿರುತ್ತದೆ. ನಿಮ್ಮ ಅಂಕಿ ನಡುವೆ ಇದೆ. ಎರಡನ್ನೂ ಹೋಲಿಸಿ ನೋಡಿ.

ಚುಕ್ಕೆಯ ಮೇಲೆ ಕಣ್ಣಿಡಿ. 1.2 ಬೇರೆ, 12 ಬೇರೆ. 1.2 ಇದ್ದವರು ಹೊಲಕ್ಕೆ ಹೋಗಬಹುದು. 12 ಇದ್ದವರು ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು.

"1 ಇದ್ದದ್ದು 2 ಆಗೇತಿ. ಒಂದ ಹೆಚ್ಚಾತು, ಅದರಾಗೇನೈತಿ?"

ಹಾಗಲ್ಲ. ಇಲ್ಲಿ ಲೆಕ್ಕ ಬೇರೆ. 1 ಇದ್ದದ್ದು 2 ಆಗಿ ಅಲ್ಲೇ ನಿಂತರೆ, ಸೋಸುವ ಶಕ್ತಿ ಸುಮಾರು ಅರ್ಧ ಹೋಯಿತು. 2 ಇದ್ದದ್ದು 4 ಆದರೆ, ಉಳಿದದ್ದರಲ್ಲಿ ಮತ್ತೆ ಅರ್ಧ ಹೋಯಿತು.

ಇನ್ನೊಂದು ತೊಂದರೆ ಇದೆ. ಸಂತೆಯ ಕಸ ಗುಡಿಸಲು ಇಬ್ಬರು ಇದ್ದಾರೆ ಎನ್ನಿ. ಒಬ್ಬ ಬರಲಿಲ್ಲ. ಇನ್ನೊಬ್ಬ ಮೈಮುರಿದು ಗುಡಿಸುತ್ತಾನೆ. ನೋಡುವವರಿಗೆ ಸಂತೆ ಸ್ವಚ್ಛ. ಕಿಡ್ನಿಯೂ ಹಾಗೇ. ಅರ್ಧ ಶಕ್ತಿ ಹೋಗುವವರೆಗೂ ಕ್ರಿಯಾಟಿನಿನ್ ಸರಿಯಾಗಿಯೇ ಕಾಣಬಹುದು. ನೋವೂ ಇರುವುದಿಲ್ಲ.

ಅದಕ್ಕೇ ಇನ್ನೊಂದು ಅಂಕಿ ನೋಡಬೇಕು. ಅದರ ಹೆಸರು ಇ-ಜಿ-ಎಫ್-ಆರ್. ಕ್ರಿಯಾಟಿನಿನ್, ವಯಸ್ಸು, ಗಂಡೋ ಹೆಣ್ಣೋ, ಇವನ್ನು ಕೂಡಿಸಿ ತೆಗೆಯುವ ಲೆಕ್ಕ ಇದು. ಕಿಡ್ನಿ ನೂರಕ್ಕೆ ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿದುಕೊಂಡರೆ ಹೆಚ್ಚು ಕಡಿಮೆ ಸರಿ. ಇಲ್ಲಿ ಅಂಕಿ ದೊಡ್ಡದಿದ್ದಷ್ಟೂ ಒಳ್ಳೆಯದು. 90ರ ಮೇಲೆ ಇದ್ದರೆ ಚಲೋ. 60ಕ್ಕಿಂತ ಕೆಳಗೆ ಮೂರು ತಿಂಗಳು ಉಳಿದರೆ ಕಿಡ್ನಿ ಕಾಯಿಲೆ ಎನ್ನುತ್ತಾರೆ. 15ಕ್ಕಿಂತ ಕೆಳಗೆ ಇಳಿದರೆ ಡಯಾಲಿಸಿಸ್ ಮಾತು ಬರುತ್ತದೆ.

ಒಂದು ಮನೆಯಲ್ಲಿ 25 ವರ್ಷದ ಮೊಮ್ಮಗ, 65 ವರ್ಷದ ಅಜ್ಜಿ. ಇಬ್ಬರಿಗೂ ಕ್ರಿಯಾಟಿನಿನ್ 1.2. ಮೊಮ್ಮಗನ ಇ-ಜಿ-ಎಫ್-ಆರ್ ಸುಮಾರು 86. ಅಜ್ಜಿಯದು ಸುಮಾರು 50! ಅಂಕಿ ಒಂದೇ, ಅಜ್ಜಿಗೆ ಮಾತ್ರ ಕಾಯಿಲೆ ಇರಬಹುದು. ಚೀಟಿಯಲ್ಲಿ ಈ ಅಂಕಿ ಇಲ್ಲದಿದ್ದರೆ "ಲೆಕ್ಕ ಹಾಕಿ ಹೇಳ್ರಿ" ಎಂದು ಡಾಕ್ಟರನ್ನು ಕೇಳಿ.

ಯೂರಿಯಾ ಎಂಬ ಹೆಸರೂ ಇರುತ್ತದೆ. ಹೊಲಕ್ಕೆ ಹಾಕುವ ಯೂರಿಯಾ ನಮ್ಮ ಮೈಯಲ್ಲಿ ಹೇಗೆ ಬಂತು? ಎರಡೂ ಒಂದೇ ವಸ್ತು. ಗೊಬ್ಬರದ್ದು ಕಾರ್ಖಾನೆಯಲ್ಲಿ ಆಗುತ್ತದೆ. ನಮ್ಮದು ಬೇಳೆ, ಹಾಲು, ಮಾಂಸ ಅರಗಿದ ಮೇಲೆ ಪಿತ್ತಜನಕಾಂಗದಲ್ಲಿ ಆಗುತ್ತದೆ. ಇದು ಸುಮಾರು 15ರಿಂದ 40ರ ಒಳಗೆ ಇರಬೇಕು. ನೀರು ಕಡಿಮೆ ಕುಡಿದರೂ ಯೂರಿಯಾ ಏರುತ್ತದೆ. ಆದ್ದರಿಂದ ಇದೊಂದನ್ನೇ ನೋಡಿ ಹೆದರಬೇಡಿ.

ವಾಂತಿಭೇದಿ ಆದಾಗ, ಜ್ವರ ಬಂದಾಗ, ಉರಿಬಿಸಿಲಿನಲ್ಲಿ ಕಬ್ಬು ಕಡಿದು ನೀರು ಕುಡಿಯದೇ ಇದ್ದಾಗ ಕ್ರಿಯಾಟಿನಿನ್ ಕೂಡ ಏರಬಹುದು. ಬೇಗ ಉಪಚಾರ ಸಿಕ್ಕರೆ ಬಹಳ ಸಲ ಇಳಿಯುತ್ತದೆ. ಹಾಗಾಗಿ ಒಂದೇ ಚೀಟಿ ಸಾಲದು. ಡಾಕ್ಟರು ಹೇಳಿದ ದಿನಕ್ಕೆ ಮತ್ತೆ ಪರೀಕ್ಷೆ ಮಾಡಿಸಬೇಕು.

ಪೊಟ್ಯಾಸಿಯಂ 3.5ರಿಂದ 5ರ ಒಳಗೆ ಇರಬೇಕು. ಇದು ಬಹಳ ಏರಿದರೆ ಹೃದಯವೇ ನಿಲ್ಲಬಹುದು. ರೋಗಿಯನ್ನು ನೋಡಲು ಹೋಗುವಾಗ ನಾವು ಎಳನೀರು, ಬಾಳೆಹಣ್ಣು ಒಯ್ಯುತ್ತೇವೆ. ಎರಡರಲ್ಲೂ ಪೊಟ್ಯಾಸಿಯಂ ತುಂಬಿದೆ. ಕಿಡ್ನಿ ಕೆಟ್ಟವರಿಗೆ ಪ್ರೀತಿಯಿಂದ ಕೊಟ್ಟ ಎಳನೀರು ಕೇಡು ಮಾಡಬಹುದು. ಡಾಕ್ಟರನ್ನು ಕೇಳದೆ ಕೊಡಬೇಡಿ. "ಕಿಡ್ನಿಗೆ ನೀರು ಚಲೋ" ಎಂದು ಕೊಡಗಟ್ಟಲೆ ಕುಡಿಸುವುದೂ ತಪ್ಪು. ಕಾಲು ಬಾತವರಿಗೆ ನೀರಿನ ಅಳತೆ ಬೇರೆ ಇರುತ್ತದೆ.

ಯಾರು ಈ ಪರೀಕ್ಷೆ ಮಾಡಿಸಬೇಕು? ಸಕ್ಕರೆ ಕಾಯಿಲೆ, ಬಿ.ಪಿ. ಇದ್ದವರು ವರ್ಷಕ್ಕೊಮ್ಮೆಯಾದರೂ ಮಾಡಿಸಬೇಕು. ಜೊತೆಗೆ ಮೂತ್ರದಲ್ಲಿ ಅಲ್ಬುಮಿನ್ ಇದೆಯೇ ಎಂದೂ ನೋಡಿಸಬೇಕು. ಎಷ್ಟೋ ಸಲ ಕ್ರಿಯಾಟಿನಿನ್ ಏರುವ ಮೊದಲೇ ಇದು ಸುಳಿವು ಕೊಡುತ್ತದೆ. ಮೊಣಕಾಲು ನೋವು, ಸೊಂಟನೋವು ಎಂದು ದಿನಾ ಅಂಗಡಿಯ ಗುಳಿಗೆ ನುಂಗುವವರೂ ಮಾಡಿಸಬೇಕು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಗುಳಿಗೆಗಳು ಕಿಡ್ನಿಗೆ ಹೋಗುವ ರಕ್ತವನ್ನು ತಗ್ಗಿಸುತ್ತವೆ. ಹೆಸರಿಲ್ಲದ ಪುಡಿ, ಭಸ್ಮಗಳ ಮಾತೂ ಡಾಕ್ಟರಿಗೆ ಹೇಳಿ. ಅವರು ಬೈದರೂ ಹೇಳಿ.

ಡಯಾಲಿಸಿಸ್ ಅಂದರೆ ಯಂತ್ರದಿಂದ ರಕ್ತ ಸೋಸುವುದು. ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ತಾಸು. ಕೂಲಿ ಮಾಡುವ ಮನೆಗೆ ಇದು ದೊಡ್ಡ ಪೆಟ್ಟು. 2016ರಲ್ಲಿ ಕೇಂದ್ರ ಸರ್ಕಾರ ಬಡವರಿಗೆ ಉಚಿತ ಡಯಾಲಿಸಿಸ್ ಯೋಜನೆ ಆರಂಭಿಸಿತು. ರೇಷನ್ ಕಾರ್ಡು, ಆಧಾರ್ ಹಿಡಿದು ತಾಲೂಕು ಆಸ್ಪತ್ರೆಯಲ್ಲಿ ಅಥವಾ ಬೆಳಗಾವಿಯ ಬಿಮ್ಸ್ ಆಸ್ಪತ್ರೆಯಲ್ಲಿ ವಿಚಾರಿಸಿ.

ಈಗ ಒಂದು ಪಟ್ಟಿ ಪುಸ್ತಕ ತನ್ನಿ. ತಾರೀಖು ಬರೆಯಿರಿ. ಅದರ ಮುಂದೆ ಕ್ರಿಯಾಟಿನಿನ್ ಎಷ್ಟು, ಇ-ಜಿ-ಎಫ್-ಆರ್ ಎಷ್ಟು, ಬರೆಯಿರಿ. ಮುಂದಿನ ಚೀಟಿ ಬಂದಾಗ ಅದರ ಕೆಳಗೆ ಬರೆಯಿರಿ. ಚೀಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ರೇಷನ್ ಕಾರ್ಡಿನ ಜೊತೆ ಇಡಿ.

"ರಕ್ತ ಕೊಡಾಕ ಉಪವಾಸ ಇರಬೇಕೇನ್ರಿ?" ಎಂದು ಕೆಲವರು ಕೇಳುತ್ತಾರೆ. ಕ್ರಿಯಾಟಿನಿನ್ ಪರೀಕ್ಷೆಗೆ ಉಪವಾಸ ಬೇಕಿಲ್ಲ. ರೊಟ್ಟಿ ತಿಂದೇ ಹೋಗಿ. ಹಿಂದಿನ ರಾತ್ರಿ ಮಾತ್ರ ಮಾಂಸದೂಟ ಬೇಡ. ಅದರಿಂದ ಅಂಕಿ ತುಸು ಏರಿ, ಸುಮ್ಮನೆ ಹೆದರಬೇಕಾಗುತ್ತದೆ.