ಹಡ್ಸನ್ ನದಿಯ ಹಳೆಯ ರೈಲ್ವೆ ಸೇತುವೆ: ಪಾದಚಾರಿ ಮಾರ್ಗದ ಬಗ್ಗೆ ಸಾರ್ವಜನಿಕ ಮಾಹಿತಿ

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಪೊಕಿಪ್ಸಿ ಮತ್ತು ಹೈಲ್ಯಾಂಡ್ ಊರುಗಳ ನಡುವೆ ಹಡ್ಸನ್ ನದಿಯನ್ನು ದಾಟುವ ಹಳೆಯ ರೈಲ್ವೆ ಸೇತುವೆಯನ್ನು 2009ರ ಅಕ್ಟೋಬರ್ 3ರಂದು ಪಾದಚಾರಿಗಳು ಹಾಗೂ ಸೈಕಲ್ ಸವಾರರ ಉಪಯೋಗಕ್ಕೆ ತೆರೆಯಲಾಯಿತು. ‘ವಾಕ್‌ವೇ ಓವರ್ ದಿ ಹಡ್ಸನ್’ ಎಂಬ ಹೆಸರಿನ ಈ ಮಾರ್ಗವು ರಾಜ್ಯದ ಐತಿಹಾಸಿಕ ಉದ್ಯಾನಗಳಲ್ಲಿ ಒಂದಾಗಿರುತ್ತದೆ. ಇದರ ಉದ್ದ 6,768 ಅಡಿಗಳು, ಅಂದರೆ ಎರಡು ಕಿಲೋಮೀಟರಿಗೂ ತುಸು ಹೆಚ್ಚು. ನದಿಯ ನೀರಿನ ಮಟ್ಟದಿಂದ ಎತ್ತರ 212 ಅಡಿಗಳು.

ಸೇತುವೆ ನಿರ್ಮಿಸಲು 1871ರಲ್ಲಿಯೇ ಕಂಪನಿಯೊಂದಕ್ಕೆ ಸನ್ನದು ದೊರೆತಿತ್ತು. ಪೆನ್ಸಿಲ್ವೇನಿಯಾದ ಕಲ್ಲಿದ್ದಲನ್ನು ದೋಣಿಗಳ ನೆರವಿಲ್ಲದೆ ನೇರವಾಗಿ ನ್ಯೂ ಇಂಗ್ಲೆಂಡ್ ಪ್ರಾಂತ್ಯಕ್ಕೆ ಸಾಗಿಸುವುದು ಮುಖ್ಯ ಉದ್ದೇಶವಾಗಿತ್ತು. 1873ರ ಆರ್ಥಿಕ ಕುಸಿತದಿಂದ ಹಣದ ಮೂಲ ಬತ್ತಿತು. ಬಳಿಕ ಆರಂಭವಾದ ಕಾಮಗಾರಿಯೂ 1878ರಲ್ಲಿ ನಿಂತುಹೋಯಿತು. 1886ರಲ್ಲಿ ಪುನಃ ಕೈಗೆತ್ತಿಕೊಂಡ ಕೆಲಸವು 1888ರಲ್ಲಿ ಮುಗಿದು, ನ್ಯೂಯಾರ್ಕ್ ನಗರ ಮತ್ತು ಆಲ್ಬನಿ ನಡುವೆ ಹಡ್ಸನ್ ನದಿಯನ್ನು ದಾಟಿದ ಮೊದಲ ಸೇತುವೆ ಇದಾಯಿತು.

ಸೇತುವೆಯು ಟ್ರಸ್ ಮಾದರಿಯದು. ಉಕ್ಕಿನ ಕಂಬಿಗಳನ್ನು ತ್ರಿಕೋನಗಳಾಗಿ ಜೋಡಿಸಿದಾಗ ಭಾರವು ಒಂದೇ ಕಡೆ ಬೀಳದೆ, ಕೆಲವು ಕಂಬಿಗಳನ್ನು ಎಳೆಯುತ್ತ, ಕೆಲವನ್ನು ಅದುಮುತ್ತ ಆಧಾರ ಸ್ತಂಭಗಳಿಗೆ ಇಳಿಯುತ್ತದೆ. ಚೌಕದ ಮೂಲೆಗಳನ್ನು ತಳ್ಳಿದರೆ ಅದು ವಾಲುತ್ತದೆ, ತ್ರಿಕೋನ ವಾಲುವುದಿಲ್ಲ. ರೈಲುಗಳ ತೂಕ ಹೆಚ್ಚಿದಂತೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಡುವೆ ಇನ್ನೊಂದು ಸಾಲು ಟ್ರಸ್ ಸೇರಿಸಿ ಸೇತುವೆಯನ್ನು ಬಲಪಡಿಸಲಾಯಿತು.

1974ರ ಮೇ 8ರಂದು ಹಳಿಗಳ ಕೆಳಗಿನ ಮರದ ದಿಮ್ಮಿಗಳಿಗೆ ಬೆಂಕಿ ತಗುಲಿತು. ರೈಲು ಸಂಚಾರ ಅಂದೇ ನಿಂತಿತು, ಮತ್ತೆ ಆರಂಭವಾಗಲಿಲ್ಲ. ಹತ್ತು ವರ್ಷಗಳ ನಂತರ, 1984ರಲ್ಲಿ, ಇಡೀ ಸೇತುವೆಯು ಒಂದು ಡಾಲರಿಗೆ ಮಾರಾಟವಾಯಿತು. ಬೆಲೆ ಅಗ್ಗವೆಂದು ತೋರಬಹುದು. ಆದರೆ ಸೇತುವೆಯ ಜೊತೆಗೆ ಅದರ ಹೊಣೆಯೂ ಖರೀದಿದಾರನಿಗೆ ವರ್ಗವಾಗುತ್ತದೆ. ಕೆಳಗೆ ರಸ್ತೆ, ಮನೆ ಮತ್ತು ನೌಕಾಮಾರ್ಗಗಳಿರುವಾಗ ಆ ಹೊಣೆ ಸಣ್ಣದಲ್ಲ. ಕೆಡವುವ ಸಲಹೆಗಳೂ ಕೇಳಿಬಂದವು. 1992ರಲ್ಲಿ ಆರಂಭವಾದ ನಾಗರಿಕರ ಸ್ವಯಂಸೇವಾ ಸಂಸ್ಥೆಯೊಂದು 1998ರಲ್ಲಿ ಸೇತುವೆಯ ಒಡೆತನ ಪಡೆಯಿತು. ಸರ್ಕಾರಿ ಮತ್ತು ಖಾಸಗಿ ನೆರವಿನಿಂದ ಸುಮಾರು 3.88 ಕೋಟಿ ಡಾಲರ್ ವೆಚ್ಚದಲ್ಲಿ ಹಳೆಯ ಉಕ್ಕನ್ನು ಪರೀಕ್ಷಿಸಿ, ದುರಸ್ತಿಗೊಳಿಸಿ, ಮೇಲೆ ಸಿದ್ಧ ಕಾಂಕ್ರೀಟ್ ಹಲಗೆಗಳನ್ನು ಹಾಸಲಾಯಿತು.

ನಡಿಗೆಗಾಗಿ ಬರುವವರು ಯಾವುದೇ ಅರ್ಜಿ ಸಲ್ಲಿಸಬೇಕಾಗಿಲ್ಲ. ಪ್ರವೇಶ ಶುಲ್ಕವೂ ಇಲ್ಲ. ಆದರೆ ಸಂಘಟಿತ ಓಟ, ಸಮಾರಂಭ, ವಾಣಿಜ್ಯ ಛಾಯಾಗ್ರಹಣ ಮುಂತಾದವುಗಳಿಗೆ ಉದ್ಯಾನ ಆಡಳಿತದ ಪೂರ್ವಾನುಮತಿ ಪಡೆಯತಕ್ಕದ್ದು. ಸೇತುವೆಯು ಸೂರ್ಯಾಸ್ತಕ್ಕೆ ಮುಚ್ಚಲ್ಪಡುತ್ತದೆ. ಪೊಕಿಪ್ಸಿಯ ನದೀತೀರದಿಂದ ಮೇಲೇರಲು 2014ರಲ್ಲಿ ಲಿಫ್ಟ್ ನಿರ್ಮಿಸಲಾಗಿದ್ದು, ಅದು ಎಲ್ಲ ಋತುಗಳಲ್ಲಿ ಲಭ್ಯವಿರುವುದಿಲ್ಲವಾದ್ದರಿಂದ ಹಿರಿಯರು ಹಾಗೂ ಗಾಲಿಕುರ್ಚಿ ಬಳಸುವವರು ಮುಂಚಿತವಾಗಿ ವಿಚಾರಿಸಿಕೊಳ್ಳುವುದು ಒಳಿತು. ಮಿಂಚು, ಹಿಮ ಅಥವಾ ಮಂಜುಗಡ್ಡೆಯ ಸಂದರ್ಭದಲ್ಲಿ ಮಾರ್ಗವನ್ನು ತಾತ್ಕಾಲಿಕವಾಗಿ ಮುಚ್ಚಬಹುದು.