ಹೊಸ ಪಿಕಪ್ ವಾಹನಕ್ಕೆ ಟೈರ್ ಅಳತೆ ಮತ್ತು ಸಸ್ಪೆನ್ಷನ್ ಎತ್ತರದ ಆಯ್ಕೆ: ವಾಹನ ಮಾಲೀಕರಿಗೆ ಮಾಹಿತಿ

ಹಾಲು, ತರಕಾರಿ, ತೋಟದ ಉತ್ಪನ್ನ, ಕಟ್ಟಡ ಸಾಮಗ್ರಿ ಮುಂತಾದವುಗಳ ಸಾಗಣೆಗಾಗಿ ಅಥವಾ ಸ್ವಂತ ಬಳಕೆಗಾಗಿ ಪಿಕಪ್ ವಾಹನ ಖರೀದಿಸುವವರಲ್ಲಿ ಅನೇಕರು, ವಾಹನ ಕೈಸೇರಿದ ಕೂಡಲೇ ಅದರ ಎತ್ತರವನ್ನು ಹೆಚ್ಚಿಸಲು ಮತ್ತು ದೊಡ್ಡ ಟೈರುಗಳನ್ನು ಅಳವಡಿಸಲು ಯೋಚಿಸುತ್ತಾರೆ. ಮಲೆನಾಡಿನ ಕಾಫಿ ಹಾಗೂ ಅಡಿಕೆ ತೋಟಗಳ ಕಚ್ಚಾ ದಾರಿಗಳಲ್ಲಿ ಮಳೆಗಾಲದಲ್ಲಿ ವಾಹನದ ತಳ ನೆಲಕ್ಕೆ ತಗಲುವುದು ನೈಜ ತೊಂದರೆಯೇ ಆಗಿದೆ. ಆದರೆ ಅದಕ್ಕೆ ಕಂಡುಕೊಳ್ಳುವ ಪರಿಹಾರವು ಕಾನೂನಿಗೆ ವಿರುದ್ಧವಾಗಿರಬಾರದು. ಚಾಲಕನ ಮತ್ತು ರಸ್ತೆಯಲ್ಲಿ ಸಂಚರಿಸುವ ಇತರರ ಪ್ರಾಣಕ್ಕೆ ಅಪಾಯವನ್ನೂ ತರಬಾರದು. ಈ ದೃಷ್ಟಿಯಿಂದ ಸಾರ್ವಜನಿಕರ ಅನುಕೂಲಕ್ಕಾಗಿ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಇದರ ಸಾರಾಂಶವಿಷ್ಟೇ: ವಾಹನದ ಎತ್ತರ ಮತ್ತು ಟೈರಿನ ಅಳತೆಯನ್ನು ಖರೀದಿಗೆ ಮುನ್ನವೇ ನಿರ್ಧರಿಸಬೇಕು. ಖರೀದಿಯ ನಂತರ ಅವುಗಳನ್ನು ಬದಲಾಯಿಸಲು ಇರುವ ಅವಕಾಶ ಅತ್ಯಲ್ಪ.

1. ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 52ರ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಯಾವುದೇ ಮಾಲೀಕರು ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ಸರಕು ಸಾಗಣೆ ವಾಹನಗಳ ನೋಂದಣಿ ವಿವರಗಳಲ್ಲಿ ಒಟ್ಟು ತೂಕದ ಜೊತೆಗೆ ಪ್ರತಿ ಆಕ್ಸಲ್‌ನ ಟೈರುಗಳ ಸಂಖ್ಯೆ ಮತ್ತು ಅಳತೆಯೂ ಸೇರಿರುತ್ತವೆ ಎಂಬುದನ್ನು ಗಮನಿಸಬೇಕು.

ಕೇರಳಕ್ಕೆ ಸಂಬಂಧಿಸಿದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದೇ ಕಲಮನ್ನು ವಿವರಿಸಿ, ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡಿಗೆ ಅವಕಾಶವಿಲ್ಲವೆಂದು ತೀರ್ಪು ನೀಡಿದೆ. ಬೇರೆ ಇಂಧನಕ್ಕೆ ಪರಿವರ್ತಿಸುವ ಅನುಮೋದಿತ ಕಿಟ್, ವಿಶೇಷಚೇತನರ ಬಳಕೆಗಾಗಿ ವಾಹನವನ್ನು ಹೊಂದಿಸುವುದು ಮುಂತಾದ ಸೀಮಿತ ವಿನಾಯಿತಿಗಳು ಅಧಿನಿಯಮದಲ್ಲಿಯೇ ಇವೆ. ಸಸ್ಪೆನ್ಷನ್ ಎತ್ತರಿಸುವುದು ಅವುಗಳಲ್ಲಿ ಸೇರಿಲ್ಲ.

2019ರ ತಿದ್ದುಪಡಿಯ ಮೂಲಕ ಬಂದಿರುವ ಕಲಂ 182ಎ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗೆ ವಾಹನದ ಮಾಲೀಕರು ಆರು ತಿಂಗಳವರೆಗಿನ ಕಾರಾವಾಸಕ್ಕೆ, ಅಥವಾ ಪ್ರತಿಯೊಂದು ಮಾರ್ಪಾಡಿಗೆ ರೂ. 5,000 ದಂಡಕ್ಕೆ, ಅಥವಾ ಎರಡಕ್ಕೂ ಗುರಿಯಾಗಬಹುದು. ಕೆಲಸ ಮಾಡಿಕೊಟ್ಟವರು ಗ್ಯಾರೇಜಿನವರು ಎಂಬ ಕಾರಣದಿಂದ ಮಾಲೀಕರ ಹೊಣೆ ತಪ್ಪುವುದಿಲ್ಲ.

2. ಟೈರಿನ ಮೇಲಿನ ಬರಹವನ್ನು ಓದುವ ವಿಧಾನ

ಟೈರಿನ ಪಕ್ಕದ ಮೇಲೆ "265/65 ಆರ್ 17 112 ಎಸ್" ಎಂದು ಮುದ್ರಿತವಾಗಿದೆ ಎಂದು ಭಾವಿಸೋಣ. ಇದರ ಅರ್ಥ ಹೀಗಿದೆ:

- 265: ಟೈರಿನ ಅಗಲ, ಮಿಲಿಮೀಟರುಗಳಲ್ಲಿ.
- 65: ಟೈರಿನ ಪಕ್ಕದ ಎತ್ತರವು ಅಗಲದ ಶೇಕಡ 65ರಷ್ಟು.
- ಆರ್: ರೇಡಿಯಲ್ ರಚನೆ.
- 17: ರಿಮ್ಮಿನ ವ್ಯಾಸ, ಇಂಚುಗಳಲ್ಲಿ.
- 112: ಭಾರ ಸೂಚ್ಯಂಕ. 112 ಎಂದರೆ ಒಂದು ಟೈರು 1,120 ಕಿ.ಗ್ರಾಂ. ಹೊರಬಲ್ಲದು.
- ಎಸ್: ವೇಗದ ಸಂಕೇತ. ಎಸ್ ಎಂದರೆ ಗಂಟೆಗೆ 180 ಕಿ.ಮೀ.

ಮೇಲಿನ ಟೈರಿನ ಒಟ್ಟು ವ್ಯಾಸವು ಸುಮಾರು 776 ಮಿ.ಮೀ. ಆಗುತ್ತದೆ. ಇದೇ ರೀತಿ 265/60 ಆರ್ 18 ಅಳತೆಯ ಟೈರಿನ ವ್ಯಾಸವನ್ನು ಲೆಕ್ಕ ಹಾಕಿದರೆ ಸುಮಾರು 775 ಮಿ.ಮೀ. ಬರುತ್ತದೆ. ರಿಮ್ ಒಂದು ಇಂಚು ದೊಡ್ಡದಾದರೂ ಚಕ್ರದ ಹೊರ ವ್ಯಾಸ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಒಂದೇ ಮಾದರಿಯ ಬೇರೆ ಬೇರೆ ಆವೃತ್ತಿಗಳಿಗೆ ತಯಾರಕರು ಬೇರೆ ರಿಮ್‌ಗಳನ್ನು ನೀಡುವಾಗ ಸಾಮಾನ್ಯವಾಗಿ ಈ ಸಮತೋಲನವನ್ನು ಕಾಯ್ದುಕೊಳ್ಳುತ್ತಾರೆ. ಆದ್ದರಿಂದ ರಿಮ್ ದೊಡ್ಡದಾದ ಮಾತ್ರಕ್ಕೆ ವಾಹನ ಎತ್ತರವಾಗುತ್ತದೆ ಎಂದು ಭಾವಿಸಬಾರದು.

ಭಾರ ಸೂಚ್ಯಂಕದ ಬಗ್ಗೆ ವಿಶೇಷ ಗಮನ ಅಗತ್ಯ. ಭರ್ತಿಯಾದಾಗ ಹಿಂದಿನ ಆಕ್ಸಲ್ ಮೇಲೆ 1,900 ಕಿ.ಗ್ರಾಂ. ಭಾರ ಬೀಳುವ ವಾಹನದಲ್ಲಿ ಪ್ರತಿ ಹಿಂದಿನ ಟೈರು 950 ಕಿ.ಗ್ರಾಂ. ಹೊರಬೇಕು. ಇದಕ್ಕೆ ಕನಿಷ್ಠ 106 ಸೂಚ್ಯಂಕದ ಟೈರು ಬೇಕು. ನೋಡಲು ಅಗಲವಾಗಿ, ದಪ್ಪವಾಗಿದ್ದರೂ 104 ಸೂಚ್ಯಂಕದ ಟೈರಿನ ಸಾಮರ್ಥ್ಯ 900 ಕಿ.ಗ್ರಾಂ. ಮಾತ್ರ. ಬೇಸಿಗೆಯಲ್ಲಿ ಪೂರ್ಣ ಹೊರೆಯೊಂದಿಗೆ ದೂರ ಸಾಗುವಾಗ ಇಂತಹ ಟೈರು ಅತಿಯಾಗಿ ಬಿಸಿಯಾಗಿ ಸಿಡಿಯುವ ಸಂಭವವಿರುತ್ತದೆ.

3. ಟೈರು ದೊಡ್ಡದಾದರೆ ಏನಾಗುತ್ತದೆ? ಒಂದು ಲೆಕ್ಕ

ತಯಾರಕರು 245/70 ಆರ್ 16 ಟೈರನ್ನು ನಿಗದಿಪಡಿಸಿರುವ ವಾಹನಕ್ಕೆ ಮಾಲೀಕರು 265/75 ಆರ್ 16 ಟೈರನ್ನು ಅಳವಡಿಸಿದರೆಂದು ಇಟ್ಟುಕೊಳ್ಳೋಣ. ಮೊದಲನೆಯದರ ವ್ಯಾಸ ಸುಮಾರು 749 ಮಿ.ಮೀ.; ಎರಡನೆಯದರ ವ್ಯಾಸ ಸುಮಾರು 804 ಮಿ.ಮೀ. ವ್ಯತ್ಯಾಸ ಶೇಕಡ 7ಕ್ಕಿಂತ ಸ್ವಲ್ಪ ಹೆಚ್ಚು. ಇದರ ಪರಿಣಾಮಗಳು ಕೆಳಕಂಡಂತಿವೆ:

- ಲಾಭ: ನೆಲದಿಂದ ಎತ್ತರವು ವ್ಯಾಸದ ವ್ಯತ್ಯಾಸದ ಅರ್ಧದಷ್ಟು, ಅಂದರೆ ಸುಮಾರು 27 ಮಿ.ಮೀ. ಮಾತ್ರ ಹೆಚ್ಚುತ್ತದೆ.
- ವೇಗ: ಮೀಟರಿನಲ್ಲಿ ಮೊದಲು ನಿಜವಾದ 60 ಕಿ.ಮೀ. ವೇಗವನ್ನು ತೋರುತ್ತಿದ್ದ ಜಾಗದಲ್ಲಿ ಈಗ ವಾಹನವು ಸುಮಾರು 64 ಕಿ.ಮೀ. ವೇಗದಲ್ಲಿ ಚಲಿಸುತ್ತಿರುತ್ತದೆ. 80 ಕಿ.ಮೀ.ಗೆ ಹೊಂದಿಸಿದ ವೇಗ ನಿಯಂತ್ರಕವು ಚಕ್ರದ ಸುತ್ತುಗಳನ್ನೇ ಅವಲಂಬಿಸಿದ್ದಲ್ಲಿ, ಸುಮಾರು 86 ಕಿ.ಮೀ. ವರೆಗೆ ವಾಹನವನ್ನು ತಡೆಯುವುದಿಲ್ಲ.
- ದೂರ: ಮೀಟರಿನಲ್ಲಿ 10,000 ಕಿ.ಮೀ. ದಾಖಲಾಗುವಷ್ಟರಲ್ಲಿ ವಾಹನವು 10,700 ಕಿ.ಮೀ.ಗೂ ಹೆಚ್ಚು ಓಡಿರುತ್ತದೆ. ಎಂಜಿನ್ ಆಯಿಲ್ ಬದಲಾವಣೆ, ಸರ್ವೀಸ್ ಮತ್ತು ಬಾಡಿಗೆಯ ಲೆಕ್ಕ ಎಲ್ಲವೂ ತಪ್ಪುತ್ತವೆ.
- ಎಳೆತ: ಅದೇ ಗೇರಿನಲ್ಲಿ ಚಕ್ರವು ನೆಲವನ್ನು ತಳ್ಳುವ ಬಲವು ಸುಮಾರು ಶೇಕಡ 7ರಷ್ಟು ಕಡಿಮೆಯಾಗುತ್ತದೆ. ಹೊರೆಯೊಂದಿಗೆ ಘಾಟಿ ಹತ್ತುವಾಗ ಕ್ಲಚ್ಚಿನ ಮೇಲೆ ಒತ್ತಡ ಹೆಚ್ಚುತ್ತದೆ.
- ಬ್ರೇಕ್: ವಾಹನವನ್ನು ಮೊದಲಿನಂತೆಯೇ ನಿಲ್ಲಿಸಲು ಬ್ರೇಕುಗಳು ಅಷ್ಟೇ ಪ್ರಮಾಣದಲ್ಲಿ ಹೆಚ್ಚು ಶ್ರಮಪಡಬೇಕಾಗುತ್ತದೆ. ಘಾಟಿ ಇಳಿಯುವಾಗ ಇದರ ಪರಿಣಾಮ ತೀವ್ರವಾಗಿರುತ್ತದೆ.

ಇದಲ್ಲದೆ ಸ್ಟೇರಿಂಗನ್ನು ಪೂರ್ತಿ ತಿರುಗಿಸಿದಾಗ ಟೈರು ಮಡ್‌ಗಾರ್ಡಿಗೆ ಉಜ್ಜುವುದೂ ಉಂಟು. ಈ ಉಜ್ಜುವಿಕೆಯನ್ನು ತಪ್ಪಿಸಲೆಂದೇ ಬಹಳಷ್ಟು ಮಂದಿ ಮುಂದಿನ ಹಂತವಾಗಿ ಸಸ್ಪೆನ್ಷನ್ ಎತ್ತರಿಸಲು ಹೋಗುತ್ತಾರೆ. ಒಂದು ತಪ್ಪನ್ನು ಸರಿಪಡಿಸಲು ಹೋಗಿ ಇನ್ನೊಂದನ್ನು ಮಾಡಿದಂತಾಗುತ್ತದೆ.

4. ಸಸ್ಪೆನ್ಷನ್ ಎತ್ತರಿಸಿದರೆ ಏನಾಗುತ್ತದೆ?

ಸಾಮಾನ್ಯವಾಗಿ ಮುಂಭಾಗದ ಸ್ಪ್ರಿಂಗಿನ ಮೇಲೆ ಸ್ಪೇಸರ್ ಇರಿಸಿ, ಹಿಂಭಾಗದಲ್ಲಿ ಕಮಾನು ಪಟ್ಟಿಗಳ ಮತ್ತು ಆಕ್ಸಲ್‌ನ ನಡುವೆ ಕಬ್ಬಿಣದ ತುಂಡು ಇರಿಸಿ, ಉದ್ದನೆಯ ಯು-ಬೋಲ್ಟ್ ಬಿಗಿಯಲಾಗುತ್ತದೆ. ಇದರ ಬಗ್ಗೆ ತಿಳಿದಿರಬೇಕಾದ ಮುಖ್ಯ ಸಂಗತಿಗಳು:

ಅ) ಸಾಮಾನ್ಯ ಪಿಕಪ್ ವಾಹನದಲ್ಲಿ ನೆಲಕ್ಕೆ ಅತ್ಯಂತ ಹತ್ತಿರವಿರುವ ಭಾಗವು ಬಹುಪಾಲು ಹಿಂದಿನ ಆಕ್ಸಲ್‌ನ ನಡುವಿನ ಡಿಫರೆನ್ಷಿಯಲ್ ಗುಂಡೇ ಆಗಿರುತ್ತದೆ. ಸಸ್ಪೆನ್ಷನ್ ಎತ್ತರಿಸಿದಾಗ ಚಾಸಿಸ್ ಮತ್ತು ಅದರ ಮೇಲಿನ ಭಾಗ ಮಾತ್ರ ಮೇಲೇರುತ್ತವೆ. ಆಕ್ಸಲ್ ಇದ್ದಲ್ಲಿಯೇ ಇರುತ್ತದೆ. ಹೀಗಾಗಿ ದಾರಿಯ ನಡುವಿನ ಕಲ್ಲು ಡಿಫರೆನ್ಷಿಯಲ್‌ಗೆ ತಗಲುತ್ತಿದ್ದರೆ, ಎತ್ತರಿಸಿದ ನಂತರವೂ ತಗಲುತ್ತಲೇ ಇರುತ್ತದೆ.

ಆ) ಅನೇಕ ಪಿಕಪ್ ವಾಹನಗಳಲ್ಲಿ ಹೊರೆಗೆ ಅನುಗುಣವಾಗಿ ಹಿಂದಿನ ಬ್ರೇಕಿನ ಒತ್ತಡವನ್ನು ಹೊಂದಿಸುವ ವಾಲ್ವ್ ಇರುತ್ತದೆ. ಚಾಸಿಸ್ ಮತ್ತು ಆಕ್ಸಲ್‌ನ ನಡುವಿನ ಅಂತರವೇ ಅದಕ್ಕೆ ಹೊರೆಯ ಸೂಚನೆ. ಅಂತರವು ಕೃತಕವಾಗಿ ಹೆಚ್ಚಾದಾಗ, ಪೂರ್ಣ ಹೊರೆ ಇದ್ದರೂ ವಾಹನ ಹಗುರವಾಗಿದೆ ಎಂಬಂತೆ ವಾಲ್ವ್ ವರ್ತಿಸಿ ಹಿಂದಿನ ಬ್ರೇಕಿನ ಬಲವನ್ನು ತಗ್ಗಿಸುತ್ತದೆ. ಖಾಲಿ ವಾಹನವನ್ನು ಓಡಿಸಿ ನೋಡಿದಾಗ ಈ ದೋಷ ಗೋಚರಿಸುವುದಿಲ್ಲ. ಹೊರೆಯೊಂದಿಗೆ ತುರ್ತಾಗಿ ನಿಲ್ಲಿಸಬೇಕಾದ ದಿನ ಗೋಚರಿಸುತ್ತದೆ.

ಇ) ವಾಹನವು ಮಗುಚದೆ ನಿಲ್ಲುವ ಸಾಮರ್ಥ್ಯವು, ಎಡ-ಬಲ ಚಕ್ರಗಳ ಅಂತರದ ಅರ್ಧಕ್ಕೂ ಗುರುತ್ವ ಕೇಂದ್ರದ ಎತ್ತರಕ್ಕೂ ಇರುವ ಅನುಪಾತವನ್ನು ಅವಲಂಬಿಸಿದೆ. ಉದಾಹರಣೆಗೆ, ಚಕ್ರಗಳ ಅಂತರ 1,500 ಮಿ.ಮೀ. ಮತ್ತು ಗುರುತ್ವ ಕೇಂದ್ರದ ಎತ್ತರ 700 ಮಿ.ಮೀ. ಇದ್ದಲ್ಲಿ ಅನುಪಾತ 1.07. ಆ ಎತ್ತರವು 50 ಮಿ.ಮೀ. ಹೆಚ್ಚಿದರೆ ಅನುಪಾತ 1.00ಕ್ಕೆ ಇಳಿಯುತ್ತದೆ. ದೊಡ್ಡ ಟೈರಿನ 27 ಮಿ.ಮೀ. ಸೇರಿದರೆ 0.97 ಆಗುತ್ತದೆ. ಇದು ಖಾಲಿ ವಾಹನದ ಲೆಕ್ಕ. ಟೊಮೆಟೊ ಕ್ರೇಟುಗಳನ್ನು ಕ್ಯಾಬಿನ್‌ಗಿಂತ ಮೇಲಕ್ಕೆ ಪೇರಿಸಿದಾಗ ಇದು ಇನ್ನಷ್ಟು ಕುಸಿಯುತ್ತದೆ. ಆಗುಂಬೆ, ಚಾರ್ಮಾಡಿಯಂತಹ ಘಾಟಿಗಳ ತಿರುವುಗಳಲ್ಲಿ ಇದರ ಅಪಾಯವನ್ನು ವಿವರಿಸಬೇಕಾಗಿಲ್ಲ.

ಈ) ಪ್ರೊಪೆಲ್ಲರ್ ಷಾಫ್ಟ್ ಮತ್ತು ಮುಂದಿನ ಚಕ್ರಗಳ ಷಾಫ್ಟುಗಳ ಕೋನ ಬದಲಾಗಿ ಜಾಯಿಂಟುಗಳು ಬೇಗ ಸವೆಯುತ್ತವೆ. ಚಕ್ರಗಳ ಅಲೈನ್‌ಮೆಂಟ್ ಕೆಡುತ್ತದೆ. ಮುಂಭಾಗ ಎತ್ತರವಾದರೆ ಹೆಡ್‌ಲೈಟಿನ ಬೆಳಕು ಎದುರಿನ ಚಾಲಕರ ಕಣ್ಣಿಗೆ ನೇರವಾಗಿ ಬೀಳುತ್ತದೆ.

5. ಹಣಕಾಸಿನ ಪರಿಣಾಮಗಳು

ಕಿಟ್ ಮತ್ತು ಟೈರುಗಳ ಬೆಲೆ ಮಾತ್ರವೇ ಈ ಮಾರ್ಪಾಡಿನ ವೆಚ್ಚವಲ್ಲ. ಮಾರ್ಪಾಡಿನಿಂದ ಉಂಟಾದ ದೋಷಕ್ಕೆ ವಾರಂಟಿಯನ್ನು ನಿರಾಕರಿಸುವ ಷರತ್ತು ಸಾಮಾನ್ಯವಾಗಿ ಇರುತ್ತದೆ. ವಿಮಾ ಕಂಪನಿಗೆ ತಿಳಿಸದೆ ಮಾಡಿದ ಬದಲಾವಣೆಯು, ಅಪಘಾತದ ನಂತರ ಪರಿಹಾರದ ಕ್ಲೇಮು ವಿವಾದಕ್ಕೀಡಾಗಲು ಕಾರಣವಾಗಬಹುದು. ಸಾಲದ ಮೇಲೆ ಖರೀದಿಸಿದ ವಾಹನವಾದರೆ, ಕ್ಲೇಮು ತಿರಸ್ಕೃತವಾದರೂ ಕಂತುಗಳು ನಿಲ್ಲುವುದಿಲ್ಲ.

ಹೊಸ ಸರಕು ವಾಹನದ ಅರ್ಹತಾ ಪತ್ರವನ್ನು ಮೊದಲ ಎರಡು ವರ್ಷಗಳ ನಂತರ ನವೀಕರಿಸಬೇಕು. ನಂತರ ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಗಳಿಗೊಮ್ಮೆ, ತದನಂತರ ಪ್ರತಿ ವರ್ಷ ನವೀಕರಣ ಅಗತ್ಯ. ತಪಾಸಣೆಯಲ್ಲಿ ಮಾರ್ಪಾಡು ಕಂಡುಬಂದಲ್ಲಿ ಮೂಲ ಭಾಗಗಳನ್ನು ಮತ್ತೆ ಅಳವಡಿಸಬೇಕಾಗಿ ಬಂದು, ಮಾಡಿದ ಖರ್ಚು ಎರಡು ಪಟ್ಟಾಗುತ್ತದೆ.

6. ಸರಿಯಾದ ಆಯ್ಕೆಯ ಕ್ರಮ

- ವಾಹನವು ಹೆಚ್ಚಾಗಿ ಸಂಚರಿಸುವ ದಾರಿಯನ್ನು ಮೊದಲು ಅಳೆಯಿರಿ. ಕಚ್ಚಾ ದಾರಿ ಎಷ್ಟು ಕಿ.ಮೀ., ಡಾಂಬರು ರಸ್ತೆ ಎಷ್ಟು ಕಿ.ಮೀ. ಎಂದು ಬರೆದುಕೊಳ್ಳಿ.
- ನಿತ್ಯದ ಹೊರೆಯ ತೂಕವನ್ನು ಅಂದಾಜಿಸಿ, ಅದಕ್ಕೆ ಸಾಕಾಗುವ ಒಟ್ಟು ತೂಕದ ಮಾದರಿಯನ್ನೇ ಆರಿಸಿಕೊಳ್ಳಿ. ಕಮಾನು ಪಟ್ಟಿ ಸೇರಿಸುವುದರಿಂದ ನೋಂದಾಯಿತ ತೂಕದ ಮಿತಿ ಹೆಚ್ಚುವುದಿಲ್ಲ.
- ಹೆಚ್ಚು ಎತ್ತರ ಬೇಕಿದ್ದಲ್ಲಿ, ತಯಾರಕರೇ ಹೆಚ್ಚು ಎತ್ತರದಲ್ಲಿ ಅಥವಾ ನಾಲ್ಕು ಚಕ್ರ ಚಾಲನೆಯೊಂದಿಗೆ ನೀಡುವ ಆವೃತ್ತಿಯನ್ನು ಖರೀದಿಸಿ. ಪ್ರಕಟಿತ ಎತ್ತರವು ಖಾಲಿ ವಾಹನದ್ದೋ ಭರ್ತಿಯಾದ ವಾಹನದ್ದೋ ಎಂದು ವಿಚಾರಿಸಿ.
- ಟೈರಿನ ಅಳತೆಯನ್ನು ಮಾಲೀಕರ ಕೈಪಿಡಿ ಅಥವಾ ಚಾಲಕನ ಬಾಗಿಲಿನ ಬಳಿಯ ಫಲಕದಲ್ಲಿ ನಮೂದಿಸಿರುವಂತೆಯೇ ಆರಿಸಿಕೊಳ್ಳಿ.
- ಅಳತೆಯಲ್ಲಿ ಇಲ್ಲದ ಸ್ವಾತಂತ್ರ್ಯ ಟೈರಿನ ನಮೂನೆಯಲ್ಲಿದೆ. ಕೆಸರು ದಾರಿ ಹೆಚ್ಚಿದ್ದಲ್ಲಿ ಅದೇ ಅಳತೆಯಲ್ಲಿ, ಅಷ್ಟೇ ಅಥವಾ ಹೆಚ್ಚಿನ ಭಾರ ಸೂಚ್ಯಂಕದ, ಆಳವಾದ ಅಚ್ಚುಗಳುಳ್ಳ ಟೈರನ್ನು ಬಳಸಬಹುದು. ಡಾಂಬರು ರಸ್ತೆಯೇ ಹೆಚ್ಚಿದ್ದಲ್ಲಿ ಹೆದ್ದಾರಿ ನಮೂನೆಯ ಟೈರು ಇಂಧನ ಮತ್ತು ಬಾಳಿಕೆ ಎರಡರಲ್ಲೂ ಲಾಭದಾಯಕ.
- ಐ.ಎಸ್.ಐ. ಗುರುತು ಮತ್ತು ತಯಾರಿಕೆಯ ದಿನಾಂಕವನ್ನು ಪರಿಶೀಲಿಸಿ. 2324 ಎಂದಿದ್ದರೆ 2024ನೇ ಇಸವಿಯ 23ನೇ ವಾರ ಎಂದರ್ಥ.
- ಗಾಳಿಯ ಒತ್ತಡವನ್ನು ಟೈರು ತಣ್ಣಗಿರುವಾಗ, ಖಾಲಿ ಮತ್ತು ಭರ್ತಿ ವಾಹನಕ್ಕೆ ನಿಗದಿಪಡಿಸಿದಂತೆ ಇರಿಸಿ. ಅಚ್ಚಿನ ಆಳವು 1.6 ಮಿ.ಮೀ.ಗಿಂತ ಕಡಿಮೆಯಾದ ಟೈರನ್ನು ಬಳಸುವಂತಿಲ್ಲ.

7. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕಮಾನು ಪಟ್ಟಿ ಮುರಿದರೆ ಬದಲಾಯಿಸಬಹುದೇ?
ಉತ್ತರ: ಬದಲಾಯಿಸಬಹುದು. ಮೂಲ ವಿವರಗಳಿಗೆ ಸರಿಹೊಂದುವ ಭಾಗವನ್ನು ಅಳವಡಿಸುವುದು ದುರಸ್ತಿಯೇ ಹೊರತು ಮಾರ್ಪಾಡಲ್ಲ.

ಪ್ರಶ್ನೆ: ವಾಹನ ಸ್ವಂತ ಬಳಕೆಗೆ ನೋಂದಣಿಯಾಗಿದೆ. ಕಲಂ 52 ಅನ್ವಯಿಸುತ್ತದೆಯೇ?
ಉತ್ತರ: ಅನ್ವಯಿಸುತ್ತದೆ. ಸ್ವಂತ ಬಳಕೆ ಮತ್ತು ಬಾಡಿಗೆ ಬಳಕೆ ಎಂಬ ಭೇದ ಆ ಕಲಮಿನಲ್ಲಿಲ್ಲ.

ಪ್ರಶ್ನೆ: ಹಿಂದಿನ ಎರಡು ಚಕ್ರಗಳಿಗೆ ಮಾತ್ರ ದೊಡ್ಡ ಟೈರು ಹಾಕಬಹುದೇ?
ಉತ್ತರ: ಹಾಕಬಾರದು. ನಾಲ್ಕು ಚಕ್ರ ಚಾಲನೆಯ ವಾಹನದಲ್ಲಿ ಮುಂದಿನ ಮತ್ತು ಹಿಂದಿನ ಟೈರುಗಳ ವ್ಯಾಸ ಬೇರೆಯಾದರೆ ಗೇರ್ ವ್ಯವಸ್ಥೆಗೇ ಹಾನಿಯಾಗುತ್ತದೆ. ಸ್ಟೆಪ್ನಿಯೂ ಅದೇ ಅಳತೆಯದಾಗಿರಬೇಕು.

ಪ್ರಶ್ನೆ: ಮಾರಾಟ ಮಳಿಗೆಯವರೇ ಎತ್ತರಿಸಿ ಕೊಡುವುದಾಗಿ ಹೇಳುತ್ತಿದ್ದಾರೆ. ಒಪ್ಪಬಹುದೇ?
ಉತ್ತರ: ಮಳಿಗೆಯವರ ಮಾತು ತಯಾರಕರ ಅನುಮೋದನೆಯಲ್ಲ. ಆ ಮಾದರಿಗೆ ತಯಾರಕರು ಪಡೆದಿರುವ ಅನುಮೋದನೆಯಲ್ಲಿ ಆ ಭಾಗ ಸೇರಿದೆಯೇ ಎಂಬುದನ್ನು ಲಿಖಿತವಾಗಿ ಪಡೆಯದೆ ಮುಂದುವರಿಯಬಾರದು.

ಈಗಾಗಲೇ ಇಂತಹ ಮಾರ್ಪಾಡು ಮಾಡಿಸಿರುವ ಮಾಲೀಕರು ಮೂಲ ಭಾಗಗಳನ್ನು ಮರಳಿ ಅಳವಡಿಸಿ, ಬ್ರೇಕ್ ಮತ್ತು ಅಲೈನ್‌ಮೆಂಟ್ ಪರೀಕ್ಷೆ ಮಾಡಿಸಿಕೊಳ್ಳುವಂತೆ ಕೋರಲಾಗಿದೆ. ಸಂದೇಹಗಳಿದ್ದಲ್ಲಿ ನೋಂದಣಿ ಪತ್ರ ಹಾಗೂ ವಾಹನದ ಕೈಪಿಡಿಯೊಂದಿಗೆ ಸಮೀಪದ ಪ್ರಾದೇಶಿಕ ಸಾರಿಗೆ ಕಚೇರಿಯ ಮೋಟಾರು ವಾಹನ ನಿರೀಕ್ಷಕರನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ಹಣ ಪಾವತಿಸುವುದಕ್ಕೆ ಮುಂಚೆ ವಿಚಾರಿಸಿದಲ್ಲಿ ಮಾಲೀಕರಿಗೆ ಅನುಕೂಲ.