ಶಿಶುಗೀತೆಯಲ್ಲಿ ಕಾಡು ಮತ್ತು ಋತುಮಾನ

ಮಗುವಿಗೆ ಅರಣ್ಯದ ಪ್ರಥಮ ಪರಿಚಯವಾಗುವುದು ಬಹುಮಟ್ಟಿಗೆ ಪದ್ಯದ ಮೂಲಕ. ಆದುದರಿಂದ ಆ ಪದ್ಯವು ಆಟವಾಗಿರುವಂತೆಯೇ ದಿಟವೂ ಆಗಿರಬೇಕು.

ಕನ್ನಡದಲ್ಲಿ ಈ ಪ್ರಕಾರಕ್ಕೆ ಬುನಾದಿ ಹಾಕಿದವರಲ್ಲಿ ಪಂಜೆ ಮಂಗೇಶರಾಯರು (1874–1937) ಅಗ್ರಗಣ್ಯರು. ಅವರ 'ಹಾವಿನ ಹಾಡು' ಅಂಜಿಕೆಯ ಜೀವಿಯನ್ನು ಮಕ್ಕಳ ಗೆಳೆಯನನ್ನಾಗಿಸಿತು. 'ತೆಂಕಣ ಗಾಳಿಯಾಟ'ವು ಗಾಳಿಯ ಬೀಸನ್ನೇ ಲಯವಾಗಿಸಿತು.

ಲಯ, ಪ್ರಾಸ, ಅನುಕರಣ ಶಬ್ದ, ಈ ಮೂರೂ ಎಳೆಯ ನಾಲಿಗೆಗೆ ಪ್ರಿಯ. ಆದರೆ ಪರದೇಶದ ಪದ್ಯಗಳನ್ನು ವಿವೇಚನೆಯಿಲ್ಲದೆ ಅನುಸರಿಸಿದರೆ, ಚಳಿಗಾಲವಿಡೀ ಗುಹೆಯಲ್ಲಿ ನಿದ್ರಿಸುವ ಕರಡಿ ನಮ್ಮ ಪದ್ಯಕ್ಕೂ ಬಂದುಬಿಡುತ್ತದೆ. ಶೀತದೇಶದ ಕೆಲವು ಕರಡಿಗಳಿಗೆ ಅದು ಸಹಜ. ಹಂಪಿಗೆ ಸಮೀಪದ, 1994ರಲ್ಲಿ ಕರಡಿಧಾಮವಾದ ದರೋಜಿಯ ಕರಡಿಗಾದರೋ ಅಂತಹ ದೀರ್ಘನಿದ್ರೆಯಿಲ್ಲ; ಅದು ವರ್ಷವಿಡೀ ಗೆದ್ದಲು, ಹಣ್ಣು, ಜೇನುಗಳನ್ನರಸಿ ಅಲೆಯುತ್ತದೆ.

ನಮ್ಮ ಋತುಗಳಿಗೆ ತಮ್ಮದೇ ವಿನೋದವಿದೆ. ಬೇಸಗೆಯಲ್ಲಿ ಕಬಿನಿಯ ಹಿನ್ನೀರು ಇಳಿದು ದಡದಲ್ಲಿ ಹುಲ್ಲು ಚಿಗುರಿದಾಗ ಆನೆಗಳ ಹಿಂಡುಗಳು ಅಲ್ಲಿ ನೆರೆಯುತ್ತವೆ. ಮುಂಗಾರಿಗೆ ಕಪ್ಪೆ ವಟಗುಟ್ಟುತ್ತದೆ, ನವಿಲು ಗರಿಗೆದರುತ್ತದೆ. ಮಳೆಗಾಲ ಕಳೆಯುತ್ತಲೇ ಅದೇ ಗಂಡುನವಿಲು ಉದ್ದಗರಿಗಳನ್ನು ಉದುರಿಸಿ ಗಿಡ್ಡಬಾಲದಲ್ಲಿ ಅಡ್ಡಾಡುತ್ತದೆ. ಮಕ್ಕಳನ್ನು ನಗಿಸಲು ಇದಕ್ಕಿಂತ ಸೊಗಸಾದ ವಸ್ತು ಬೇಕೆ?

ಪದ್ಯದ ಕರಡಿ ಮಾತನಾಡಲಿ, ನವಿಲು ನಾಚಲಿ, ಕಲ್ಪನೆಗೆ ಅಡ್ಡಿಯಿಲ್ಲ. ಋತುಧರ್ಮ ಮಾತ್ರ ತಪ್ಪದಿರಲಿ. ಬಾಲ್ಯದಲ್ಲಿ ಬಾಯಿಪಾಠವಾದುದು ಬಾಳಿನುದ್ದಕ್ಕೂ ಉಳಿಯುತ್ತದೆ. ಹಾಡಾಗಿ ನೆಲೆನಿಂತ ತಪ್ಪನ್ನು ಅನಂತರ ಪಾಠದಿಂದ ತಿದ್ದುವುದು ಉಪಾಧ್ಯಾಯರಿಗೆ ಕಷ್ಟಸಾಧ್ಯ.